ಕಿನ್ನಾಳ ಗೊಂಬೆ ಕಿರುಚಿತ್ರ: ಕ್ಯಾಮೆರಾ ಹಿಡಿಯುವವರು ಸಿಕ್ಕರು

ಕೊಪ್ಪಳದ ಹತ್ತಿರದ ಊರು ಕಿನ್ನಾಳದ ಗೊಂಬೆ ಮಾಡುವವರ ಬಗ್ಗೆ 12 ನಿಮಿಷದ ಸಾಕ್ಷ್ಯಚಿತ್ರ ಮಾಡೋಣ ಅಂತ ನಾವು ಗೆಳೆಯರು ಹೊರಟು ಬಹಳ ಕಾಲವಾಯಿತು. ಕೈಯಿಂದ ಸ್ವಲ್ಪ ಹಣ ಜೋಡಿಸಿದ್ದಾಯಿತು. ಚಿತ್ರಗಾರ ಮನೆತನದ ಕಾಕಾ ಒಬ್ಬರು, ಅವರ ಮನೆಯವರು ಒಪ್ಪಿದ್ದೂ ಆಯಿತು. ಕ್ಯಾಮೆರಾ ಹಿಡಿಯುವವರು ಮಾತ್ರ ಇರಲಿಲ್ಲ. ಈ ಸಲದ ಟಿಪ್ಪಣಿ ಪೂರ್ತಿ ಅದರದ್ದೇ.

ಕೊಪ್ಪಳದಲ್ಲಿ ವಿಡಿಯೊದವರು ಇಲ್ವಾ ಅಂತ ನೀವು ಕೇಳಬಹುದು. ಇದ್ದಾರೆ, ಚೆನ್ನಾಗಿಯೂ ಮಾಡುತ್ತಾರೆ. ಗವಿಮಠದ ಜಾತ್ರೆಯ ಗದ್ದಲದಲ್ಲಿ ತೇರಿನ ಮುಂದೆ ನಿಂತು ಶಾಟ್ ತೆಗೆದವರಿಗೆ ಯಾರೂ ಹೊಸದಾಗಿ ಕಲಿಸಬೇಕಿಲ್ಲ. ಆದರೆ ಅವರ ವರ್ಷ ನಡೆಯುವುದು ಮುಹೂರ್ತದ ಮೇಲೆ. ಲಗ್ನದ ಸೀಸನ್‌ನಲ್ಲಿ ಡೇಟ್ ಸಿಗುವುದಿಲ್ಲ. ಸೀಸನ್ ಮುಗಿದರೆ ಆಲ್ಬಮ್ಮು, ಎಡಿಟಿಂಗು ಅಂತ ಬಾಕಿ ಕೆಲಸ. ನಮ್ಮದು ಬೇರೆಯೇ ತರಹದ ಕೆಲಸ. ಇಲ್ಲಿ ಯಾರೂ ಕ್ಯಾಮೆರಾ ನೋಡಿ ನಗುವುದಿಲ್ಲ, ಯಾವುದೂ ಬೇಗ ಆಗುವುದಿಲ್ಲ.

ಹಾಗಾಗಿ ಬೆಂಗಳೂರಿನ ಒಂದು ಕ್ರಿಯೇಟಿವ್ ರಿಕ್ರೂಟ್‌ಮೆಂಟ್ ಏಜೆನ್ಸಿಯ ಮೊರೆ ಹೋದೆವು. ವಿಡಿಯೊಗ್ರಾಫರ್, ಎಡಿಟರ್, ಡಿಸೈನರ್ ಇಂಥವರನ್ನು ಹುಡುಕಿಕೊಡುವುದೇ ಇವರ ಕೆಲಸ. ಕಂಪನಿಗೆ ಕಾಯಂ ಆಗಿ ಯಾರನ್ನಾದರೂ ಸೇರಿಸಿದರೆ ಅವರ ವರ್ಷದ ಸಂಬಳದ ಮೇಲೆ ಇಂತಿಷ್ಟು ಅಂತ ಶುಲ್ಕ ಇರುತ್ತದೆ. ನಮ್ಮಂಥವರಿಗೆ ಫ್ರೀಲಾನ್ಸರ್ ಕೊಟ್ಟರೆ ದಿನದ ದರದ ಮೇಲೆ ತಮ್ಮ ಪಾಲು ಸೇರಿಸುತ್ತಾರೆ. ಲೆಕ್ಕ ತಿಳಿಯಲಿ ಅಂತ ಒಂದು ಉದಾಹರಣೆ, ಇದು ನಮ್ಮ ದರವಲ್ಲ: ದಿನಕ್ಕೆ 10,000 ರೂಪಾಯಿ ಅಂದುಕೊಳ್ಳಿ. ಏಜೆನ್ಸಿ ಪಾಲು ಶೇ 20 ಆದರೆ 12,000. ಅದರ ಮೇಲೆ ಶೇ 18 ಜಿಎಸ್‌ಟಿ ಬಿದ್ದರೆ 14,160. ದರ ಕೇಳುವಾಗ ಈ ಕೊನೆಯ ಅಂಕಿಯನ್ನೇ ಕೇಳಬೇಕು. ಪ್ರಯಾಣದ ದಿನಕ್ಕೆ ಅರ್ಧ ಕೂಲಿಯಾ, ಪೂರ್ತಿನಾ? ಶೂಟಿಂಗ್ ದಿನ ಎಂದರೆ ಎಷ್ಟು ತಾಸು? ನಾವು ಡೇಟ್ ರದ್ದು ಮಾಡಿದರೆ ಏನು? ಇದೆಲ್ಲ ಮೊದಲೇ ಬರೆಸಿಕೊಂಡೆವು. ಏಜೆನ್ಸಿ ತಪ್ಪಿಸಿ ಅದೇ ವ್ಯಕ್ತಿಯನ್ನು ನೇರವಾಗಿ ಕರೆಯಬಾರದು ಅನ್ನೋ ಷರತ್ತೂ ಇತ್ತು. ನ್ಯಾಯವೇ, ಹುಡುಕಿದ್ದು ಅವರಲ್ವಾ.

ಇನ್ನು ಬ್ರೀಫ್, ಅಂದರೆ ನಮಗೆ ಎಂಥ ಕೆಲಸ ಬೇಕು ಅಂತ ಏಜೆನ್ಸಿಗೆ ಬರೆದುಕೊಡುವ ವಿವರ. ಏಜೆನ್ಸಿಯ ಫಾರ್ಮ್‌ನಲ್ಲಿ ಊರು, ದಿನಾಂಕ, ಬಜೆಟ್, ಶೈಲಿ ಅಂತ ಖಾನೆಗಳಿದ್ದವು. ಶೈಲಿಯ ಎದುರು ‘ಸಿನಿಮ್ಯಾಟಿಕ್’, ‘ಕಾರ್ಪೊರೇಟ್’, ‘ಡಾಕ್ಯುಮೆಂಟರಿ’. ಟಿಕ್ ಹಾಕಿ ಸುಮ್ನಾಗಬಹುದಿತ್ತು. ಆದರೆ ಫೋನಿನಲ್ಲಿ ಮಾತಾಡಿದ ಮೇಡಂ, ‘ಚನ್ನಪಟ್ಟಣದ ಗೊಂಬೆ ಥರಾನಾ?’ ಅಂದರು. ಅಲ್ಲಿಗೆ ಗೊತ್ತಾಯಿತು, ಇದನ್ನು ಬಿಡಿಸಿ ಬರೆಯಬೇಕು ಅಂತ. ಚನ್ನಪಟ್ಟಣದ್ದು ಲೇತ್‌ನಲ್ಲಿ ತಿರುಗಿಸಿ ಅರಗಿನ ಬಣ್ಣ ಹಚ್ಚುವ ಆಟಿಕೆ. ತಿರುಗುವ ಮರ, ಹಾರುವ ಹೊಟ್ಟು, ಅರೆಗಳಿಗೆಯಲ್ಲಿ ಹೊಳೆಯುವ ಬಣ್ಣ; ಕ್ಯಾಮೆರಾಕ್ಕೆ ಹಬ್ಬ. ಕಿನ್ನಾಳದಲ್ಲಿ ಲೇತ್ ಇಲ್ಲ. ಕೈಯೇ ಎಲ್ಲ.

ಹಗುರ ಮರವನ್ನು ಕೆತ್ತಿ ಕೈ, ಕಾಲು, ಮೈ ಬೇರೆ ಬೇರೆ ಮಾಡುತ್ತಾರೆ. ಹುಣಸೆ ಬೀಜದ ಅಂಟಿನಿಂದ ಜೋಡಿಸುತ್ತಾರೆ. ಗೋಣಿ ಚಿಂದಿಯನ್ನು ನೆನೆಹಾಕಿ, ಚೂರು ಮಾಡಿ, ಒಣಗಿಸಿ, ಪುಡಿ ಮಾಡಿ, ಮರದ ಹೊಟ್ಟು ಮತ್ತು ಅದೇ ಅಂಟಿನ ಜೊತೆ ಕಲಸಿದರೆ ಕಿಟ್ಟ. ಅದನ್ನು ಗೊಂಬೆಯ ಮೈಗೆಲ್ಲ ಕೈಯಲ್ಲೇ ಬಳಿಯುತ್ತಾರೆ. ಮೇಲೆ ಹತ್ತಿ ಬಟ್ಟೆಯ ತುಣುಕು ಅಂಟಿಸುತ್ತಾರೆ. ಅದರ ಮೇಲೆ ಬೆಣಚುಕಲ್ಲಿನ ಪುಡಿಯ ಲೇಪ. ಒಡವೆ, ಕಿರೀಟದ ಉಬ್ಬು ಕೆಲಸಕ್ಕೂ ಅದೇ ಕಲ್ಲುಪುಡಿ. ಆಮೇಲೆ ಬಣ್ಣ. ಹೊಳಪು ಬೇಕಾದ ಕಡೆ ಲಾಜವಾರ, ಅಂದರೆ ಶುದ್ಧ ತವರವನ್ನು ಪುಡಿ ಮಾಡಿ ಅಂಟಿನಲ್ಲಿ ಕಲಸಿ ಹಚ್ಚುವುದು. ಹಂಪಿಯ ವಿರೂಪಾಕ್ಷ ಗುಡಿಯ ಛಾವಣಿಯ ಚಿತ್ರಗಳು ಇವರ ಹಿರಿಯರ ಕೈಯವು ಅನ್ನುವ ಮಾತು ಊರಲ್ಲಿದೆ. ಇಷ್ಟನ್ನೂ ಬ್ರೀಫ್‌ನಲ್ಲಿ ಹಾಕಿ, ಕೆಳಗೆ ಎರಡು ಸಾಲು ಸೇರಿಸಿದೆವು: ಪ್ರತಿ ಹಂತದ ನಡುವೆ ಒಣಗಲು ಕಾಯಬೇಕು. ನಮ್ಮ ಕಡೆಯ ಕನ್ನಡ ಅರ್ಥವಾಗಲೇಬೇಕು.

ಎರಡನೆಯದಕ್ಕೆ ಮೇಡಂ ಸ್ವಲ್ಪ ತಕರಾರು ಮಾಡಿದರು, ಆಯ್ಕೆ ಕಡಿಮೆಯಾಗುತ್ತದೆ ಅಂತ. ಆಗಲಿ ಬಿಡಿ ಅಂದೆವು. ಕಾಕಾ ಏನು ಹೇಳುತ್ತಿದ್ದಾರೆ ಅಂತ ತಿಳಿಯದವರು ಕ್ಯಾಮೆರಾವನ್ನು ಯಾವಾಗ ಮುಖಕ್ಕೆ, ಯಾವಾಗ ಕೈಗೆ ತಿರುಗಿಸಬೇಕು ಅಂತ ಹೇಗೆ ನಿರ್ಧರಿಸುತ್ತಾರೆ?

ಮೂರು ಶೋರೀಲ್ ಬಂದವು, ಅಂದರೆ ಅವರವರ ಕೆಲಸದ ತುಣುಕು ಜೋಡಿಸಿದ ಮಾದರಿ ವಿಡಿಯೊಗಳು. ಒಂದರಲ್ಲಿ ಬರೀ ಡ್ರೋನ್. ಸೂರ್ಯ ಹುಟ್ಟುವುದು, ಸೂರ್ಯ ಮುಳುಗುವುದು, ನಡುವೆ ತುಂಗಭದ್ರೆ. ಇನ್ನೊಂದು ಒಡವೆ ಅಂಗಡಿಯ ಜಾಹೀರಾತುಗಳದ್ದು, ಬೆಳಕಿನ ಕೆಲಸ ನಿಜಕ್ಕೂ ಅದ್ಭುತ. ಮೂರನೆಯದರಲ್ಲಿ ಒಬ್ಬ ನೇಕಾರರು ಎಳೆ ಕಡಿದಾಗ ಅದನ್ನು ಗಂಟು ಹಾಕುವ ಶಾಟ್ ಇತ್ತು. ಕೈ ಫ್ರೇಮ್‌ನಿಂದ ಆಚೆ ಹೋಗುತ್ತದೆ. ಕ್ಯಾಮೆರಾ ಹಿಂದೆ ಓಡುವುದಿಲ್ಲ. ಕೈ ವಾಪಸ್ ಬರುತ್ತದೆ. ನಮಗೆ ಬೇಕಾದದ್ದು ಇದೇ.

ಆದರೆ ರೀಲ್ ನೋಡಿ ಒಪ್ಪುವುದು ಅಪಾಯ. ಒಂದೂವರೆ ನಿಮಿಷಕ್ಕೆ ಹಾಡು ಹಾಕಿ ಕತ್ತರಿಸಿದರೆ ಯಾವುದೂ ಚೆನ್ನಾಗಿಯೇ ಕಾಣುತ್ತದೆ. ಎಡಿಟ್ ಮಾಡದ ಒಂದು ಪೂರ್ತಿ ಕ್ಲಿಪ್ ಕಳಿಸಿ, ಧ್ವನಿ ಸಮೇತ, ಅಂತ ಮೂವರಿಗೂ ಕೇಳಿದೆವು. ಮೂರನೆಯವರು ಕಳಿಸಿದ್ದರಲ್ಲಿ ಫೋಕಸ್ ತಪ್ಪಿ ಸರಿಯಾಗುವುದೂ ಇತ್ತು. ಮಾತು ಮುಗಿದ ಮೇಲೂ ಸ್ವಲ್ಪ ಹೊತ್ತು ರೆಕಾರ್ಡಿಂಗ್ ನಿಲ್ಲಿಸಿರಲಿಲ್ಲ. ಮಂದಿ ನಿಜವಾಗಿ ಮಾತಾಡುವುದು ಅಲ್ಲೇ ನೋಡಿ.

ಅವರು ಸಿಂಧನೂರಿನ ಹುಡುಗಿ. ಬೆಂಗಳೂರಿನ ಏಜೆನ್ಸಿಗೆ ದುಡ್ಡು ಕೊಟ್ಟು ಪಕ್ಕದ ಜಿಲ್ಲೆಯವರನ್ನು ಹುಡುಕಿಸಿದ ಹಾಗಾಯಿತು ಅಂತ ಗೆಳೆಯರು ಇನ್ನೂ ನಗುತ್ತಾರೆ. ನಗಲಿ. ನಮಗೆ ನಾವೇ ಹುಡುಕಿದ್ದರೆ ಸಿಗುತ್ತಿರಲಿಲ್ಲ.

ಫೋನಿನಲ್ಲಿ ಅವರ ಮೊದಲ ಪ್ರಶ್ನೆ: ಕೆಲಸ ಮಾಡುವ ಪಡಸಾಲೆಯಲ್ಲಿ ಯಾವ ಬೆಳಕು, ಟ್ಯೂಬ್‌ಲೈಟಾ, ಎಲ್‌ಇಡಿನಾ? ನಮ್ಮ ಕರೆಂಟ್ 50 ಹರ್ಟ್ಜ್, ಹಾಗಾಗಿ ದೀಪ ಸೆಕೆಂಡಿಗೆ 100 ಸಲ ಮಿನುಗುತ್ತದೆ. ಕಣ್ಣಿಗೆ ಕಾಣದು, ಕ್ಯಾಮೆರಾಕ್ಕೆ ಕಾಣುತ್ತದೆ. ಸೆಕೆಂಡಿಗೆ 25 ಫ್ರೇಮ್, ಶಟರ್ ವೇಗ 1/50 ಸೆಕೆಂಡ್ ಇಟ್ಟರೆ ತೊಂದರೆ ಕಡಿಮೆ. ಸಿನಿಮಾ ಥರ ಇರಲಿ ಅಂತ 24 ಫ್ರೇಮ್, 1/48 ಇಟ್ಟರೆ ಗೋಡೆಯ ಮೇಲೆ ಪಟ್ಟೆ ಓಡುವ ಸಾಧ್ಯತೆ ಇರುತ್ತದೆ. ಎರಡನೇ ಪ್ರಶ್ನೆ: ಮನೆಯಲ್ಲಿ ಯಾರು ಯಾವ ಕೆಲಸ ಮಾಡುತ್ತಾರೆ? ಈ ಪ್ರಶ್ನೆ ಬೇರೆ ಇಬ್ಬರೂ ಕೇಳಲಿಲ್ಲ. ಅಲ್ಲಿಗೆ ಆಯ್ಕೆ ಮುಗಿಯಿತು.

ಕರಾರಿನಲ್ಲಿ ಒಂದು ವಿಷಯಕ್ಕೆ ಜಾಸ್ತಿ ಸಮಯ ಹೋಯಿತು. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ, ಹಣ ಕೊಟ್ಟು ಮಾಡಿಸಿದ ಚಿತ್ರದ ಮೊದಲ ಹಕ್ಕು ಮಾಡಿಸಿದವರದ್ದು, ಬೇರೆ ಕರಾರು ಇಲ್ಲದಿದ್ದರೆ. ಹಕ್ಕು ವರ್ಗಾಯಿಸುವುದಾದರೆ ಬರಹದಲ್ಲೇ ಆಗಬೇಕು. ಅವಧಿ ಬರೆಯದಿದ್ದರೆ 5 ವರ್ಷ, ಪ್ರದೇಶ ಬರೆಯದಿದ್ದರೆ ಭಾರತ ಅಂತ ಲೆಕ್ಕ. ನಮ್ಮ ಚಿತ್ರವನ್ನು ಹೊರದೇಶದ ಉತ್ಸವಕ್ಕೂ ಕಳಿಸುವ ಆಸೆ ಇರುವುದರಿಂದ ಎಲ್ಲ ಬಿಡಿಸಿ ಬರೆಸಿದೆವು. ಎಡಿಟ್ ಮಾಡದ ಮೂಲ ಫುಟೇಜ್ ನಮಗೆ ಸಿಗಬೇಕು ಅನ್ನುವುದನ್ನೂ ಬೇರೆಯಾಗಿ ಸೇರಿಸಿದೆವು. ಅವರು ತಮ್ಮ ಶೋರೀಲ್‌ಗೆ ತುಣುಕು ಬಳಸಬಹುದು ಅಂತ ನಾವೂ ಒಪ್ಪಿದೆವು.

ಮೊದಲ ಶೂಟಿಂಗ್ ಮುಗಿದಿದೆ. ಹಂಪಿ ಎಕ್ಸ್‌ಪ್ರೆಸ್‌ನಲ್ಲಿ ಬೆಳಿಗ್ಗೆ ಕೊಪ್ಪಳಕ್ಕೆ ಇಳಿದು, ಮಂಡಾಳ ಒಗ್ಗರಣೆ, ಮಿರ್ಚಿ ತಿಂದು ನೇರ ಕಿನ್ನಾಳ. ಕಾಕಾ ಶುರುವಿನಲ್ಲೇ ಹೇಳಿಬಿಟ್ಟರು: ‘ಹಸಿ ಇದ್ದಾಗ ಬಣ್ಣ ಹಚ್ಚಿದ್ರ ಬಿರಿತೈತ್ರಿ. ಗಡಿಬಿಡಿ ನಿಮಗೈತಿ, ಗೊಂಬಿಗಿಲ್ಲ.’ ಅದಕ್ಕೆ ನಮ್ಮ ವಿಡಿಯೊಗ್ರಾಫರ್, ‘ಕಾಕಾ, ನೀವ್ ನಿಮ್ಮ ಕೆಲಸ ಮಾಡ್ರಿ, ನಾ ಇಲ್ಲಿಲ್ಲ ಅಂತ ತಿಳ್ಕೊರಿ’ ಅಂದರು.

ಒಂದೇ ಗೊಂಬೆಯನ್ನು ಮರದಿಂದ ಬಣ್ಣದ ತನಕ ಹಿಂಬಾಲಿಸಿದರೆ ದಿನಗೂಲಿಯಲ್ಲೇ ನಾವು ಮುಳುಗುತ್ತೇವೆ. ಅದಕ್ಕೆ ಬೇರೆ ಬೇರೆ ಹಂತದಲ್ಲಿದ್ದ ಗರುಡನ ಗೊಂಬೆಗಳನ್ನು ಕಾಕಾ ಮೊದಲೇ ತೆಗೆದಿಟ್ಟಿದ್ದರು: ಒಂದು ಬರೀ ಮರ, ಒಂದಕ್ಕೆ ಕಿಟ್ಟ, ಒಂದಕ್ಕೆ ಕಲ್ಲುಪುಡಿ ಲೇಪ. ಅಳತೆ ಒಂದೇ ಆದ್ದರಿಂದ ಜೋಡಿಸಿದರೆ ಒಂದೇ ಗೊಂಬೆ ಬೆಳೆದಂತೆ ಕಾಣುತ್ತದೆ. ಇದು ಮೋಸವಾ? ಗೆಳೆಯರೊಬ್ಬರು ಹೌದು ಅಂದರು. ಒಣಗುವ ಹೊತ್ತನ್ನು ಮುಚ್ಚಿಟ್ಟರೆ ಮೋಸ ಅಂತ ನನ್ನ ಅಭಿಪ್ರಾಯ. ಆದ್ದರಿಂದ ಅಂಗಳದಲ್ಲಿ ಸಾಲಾಗಿ ಒಣಗುತ್ತಿರುವ ಗೊಂಬೆಗಳ ಉದ್ದನೆಯ ಶಾಟ್ ಇರಲೇಬೇಕು ಅಂತ ತೀರ್ಮಾನವಾಯಿತು.

ಲಾಜವಾರ ಕೈಕೊಟ್ಟಿತು. ಕಿಟಕಿಯ ಬಿಸಿಲು ಬಿದ್ದು ತವರದ ಭಾಗವೆಲ್ಲ ಬೆಳ್ಳಗೆ ಸುಟ್ಟಂತೆ ಬಂತು. ಪೋಲರೈಸರ್ ಫಿಲ್ಟರ್ ಗಾಜಿನ, ನೀರಿನ ಹೊಳಪು ತಗ್ಗಿಸುತ್ತದೆ, ಬರಿ ಲೋಹದ ಮುಂದೆ ಅದರ ಆಟ ನಡೆಯುವುದಿಲ್ಲ. ಕೊನೆಗೆ ಕಾಕಿ ಒಳಗಿನಿಂದ ಒಂದು ಬಿಳಿ ಧೋತರ ತಂದರು. ಅದನ್ನು ಕಿಟಕಿಗೆ ಕಟ್ಟಿದ ಮೇಲೆ ಬೆಳಕು ಮೆತ್ತಗಾಗಿ ಕಿರೀಟದ ಉಬ್ಬು ಕೆಲಸ ಎದ್ದು ಕಂಡಿತು. ಕಲ್ಲುಪುಡಿ ಅರೆಯುತ್ತ ಕಾಕಿ ಹೇಳಿದ ಮಾತುಗಳು ಇಡೀ ದಿನದಲ್ಲಿ ಸಿಕ್ಕ ಅತ್ಯುತ್ತಮ ಧ್ವನಿ. ನಾವು ಗಂಡಸರು ಕೇಳಿದಾಗ ‘ಏನಿಲ್ಲ ಬಿಡ್ರಿ’ ಅಂದವರು ಅವರೇ.

ಸೆಕೆಂಡಿಗೆ 100 ಮೆಗಾಬಿಟ್‌ನಲ್ಲಿ ರೆಕಾರ್ಡ್ ಮಾಡಿದರೆ ಗಂಟೆಗೆ ಸುಮಾರು 45 ಜಿಬಿ ತುಂಬುತ್ತದೆ. ರಾತ್ರಿಯೇ ಎರಡು ಡಿಸ್ಕ್‌ಗೆ ನಕಲು ಮಾಡಿ, ಒಂದು ನಮ್ಮಲ್ಲಿ, ಒಂದು ವಿಡಿಯೊಗ್ರಾಫರ್ ಹತ್ತಿರ ಇಟ್ಟೆವು.

ಏಜೆನ್ಸಿಯ ಫಾರ್ಮ್‌ನಲ್ಲಿ ಇಲ್ಲದ ಒಂದು ಖರ್ಚನ್ನು ಈಗ ಬಜೆಟ್‌ಗೆ ಸೇರಿಸಿದ್ದೇವೆ: ಕಾಕಾ ಮನೆಯವರ ದಿನದ ದುಡಿಮೆ. ಕ್ಯಾಮೆರಾಕ್ಕಾಗಿ ಕೈ ತಡೆದ ಹೊತ್ತಿಗೆಲ್ಲ ಅವರ ಆರ್ಡರ್ ನಿಂತಿತ್ತು. ವಿಡಿಯೊಗ್ರಾಫರ್‌ಗೆ ದಿನದ ದರ ಕೊಡುವವರು ಗೊಂಬೆ ಮಾಡುವವರಿಗೆ ಬರೀ ಶಾಲು ಹೊದಿಸಿ ಬಂದರೆ ಹೇಗೆ? ಕಾಕಾ ಬೇಡ ಅಂದರು, ಕಾಕಿ ಅನ್ನಲಿಲ್ಲ. ದುಡ್ಡು ಅವರ ಕೈಗೇ ಕೊಟ್ಟೆವು.

ಮುಂದಿನ ಶೂಟಿಂಗ್ ಹಬ್ಬದ ಆರ್ಡರ್‌ಗಳು ಮುಗಿದ ಮೇಲೆ. ಮರ ಕೆತ್ತುವ ಸದ್ದು ಬೇರೆಯಾಗಿ ರೆಕಾರ್ಡ್ ಆಗಬೇಕು, ಒಣಗುವ ಅಂಗಳದ ಶಾಟ್ ಇನ್ನೊಮ್ಮೆ ಬೇಕು, ಮೊನ್ನೆ ನಡುವೆ ಆಡೊಂದು ನುಗ್ಗಿ ಕೆಡಿಸಿತು. ಗೆಳೆಯರಿಗೆ ಆ ಆಡಿನ ಶಾಟೇ ಇರಲಿ ಅಂತಿದೆ. ಎಡಿಟಿಂಗ್‌ಗೆ ಕೂತಾಗ ಜಗಳ ಮಾಡೋಣ ಅಂದಿದ್ದೇನೆ.