ಲಿವರ್‌ಪೂಲ್‌ನಿಂದ ಕ್ಯಾವನ್‌ವರೆಗೆ: ರೈಲಿ ಮನೆತನದ ಹುಡುಕಾಟ, ಇಲ್ಲಿಯವರೆಗಿನ ಕೆಲಸ

ಹಿಡಿದಿರುವ ಎಳೆ: 1840ರ ದಶಕದ ಮಹಾಕ್ಷಾಮದ ಕಾಲದಲ್ಲಿ ಐರ್ಲೆಂಡ್ ಬಿಟ್ಟು ಲಿವರ್‌ಪೂಲ್ ಸೇರಿದ ಜೇಮ್ಸ್ ರೈಲಿ ಎಂಬ ಕೂಲಿಯ ಮನೆ. ಬೇಕಾಗಿರುವುದು ಅವನ ಹುಟ್ಟೂರು. ಅದು ಸಿಗಬೇಕಾದದ್ದು ಇಂಗ್ಲೆಂಡಿನ ಕಾಗದಗಳಲ್ಲೇ. ಊರು ಗೊತ್ತಿಲ್ಲದೆ ಐರ್ಲೆಂಡಿನ ದಾಖಲೆಗೆ ಕೈಹಾಕಿದರೆ ಅದೇ ಹೆಸರಿನ ಬೇರೆ ಯಾರನ್ನೋ ಮನೆತನಕ್ಕೆ ಸೇರಿಸಿಕೊಂಡಂತಾಗುತ್ತದೆ.

ಹಡಗಿನ ಪ್ರಯಾಣಿಕರ ಪಟ್ಟಿ ಹುಡುಕುವುದನ್ನು ಬಿಟ್ಟಾಯಿತು. 1801ರಿಂದ 1922ರವರೆಗೆ ಎರಡೂ ಕಡೆ ಒಂದೇ ರಾಜ್ಯ, ಹಾಗಾಗಿ ದಾಟಿ ಬಂದವರ ಹೆಸರು ಬರೆದಿಡುವ ಕ್ರಮವಿರಲಿಲ್ಲ.

ಜನಗಣತಿ: 1851ರಿಂದ 1911ರವರೆಗಿನ ಏಳು ಹಾಳೆಗಳನ್ನೂ ನೋಡಿ ಆಗಿದೆ. ಹೆಚ್ಚಿನವುಗಳಲ್ಲಿ ಹುಟ್ಟಿದ ಸ್ಥಳದ ಎದುರು ‘ಐರ್ಲೆಂಡ್’ ಎಂದಷ್ಟೇ ಇದೆ. 1871ರಲ್ಲಿ ಮಾತ್ರ ‘ಕ್ಯಾವನ್’, ಅದು ಐರ್ಲೆಂಡಿನ ಒಂದು ಕೌಂಟಿ, ಅಂದರೆ ಜಿಲ್ಲೆ. ಗಣತಿದಾರ ಕೌಂಟಿ ಬರೆಯಲೇಬೇಕೆಂದೇನೂ ಇರಲಿಲ್ಲ. ಆದ್ದರಿಂದ ಒಂದು ಹಾಳೆ ನೋಡಿ ಕೈಬಿಡಬಾರದು, ಅಣ್ಣತಮ್ಮಂದಿರ ಮನೆಗಳನ್ನೂ ನೋಡಬೇಕು. 1841ರದು ಇನ್ನೂ ಬಡವು: ಐರ್ಲೆಂಡಿಗೆ ‘ಐ’ ಎಂಬ ಒಂದೇ ಅಕ್ಷರ, ಹದಿನೈದು ದಾಟಿದವರ ವಯಸ್ಸನ್ನು ಐದರ ಲೆಕ್ಕಕ್ಕೆ ಇಳಿಸಿರುತ್ತಾರೆ.

ಮದುವೆಯ ದಾಖಲೆಯಲ್ಲೇ ಹೆಚ್ಚು ಸಿಕ್ಕಿದ್ದು. ಸರ್ಕಾರಿ ಪ್ರಮಾಣಪತ್ರದಲ್ಲಿ ತಂದೆಯ ಹೆಸರು, ಕಸುಬು ಮಾತ್ರ. ಅದೇ ಮದುವೆಯ ಕ್ಯಾಥೊಲಿಕ್ ಚರ್ಚ್ ಪುಸ್ತಕದಲ್ಲಿ ಲ್ಯಾಟಿನ್‌ನಲ್ಲಿ ‘ಜಾಕೋಬಸ್ ರೈಲಿ, ಫಿಲಿಯಸ್ ಪ್ಯಾಟ್ರಿಸಿಯೈ ಎಟ್ ಬ್ರಿಜಿಡೈ’ ಎಂದಿದೆ. ತಾಯಿಯ ಹೆಸರು ಸಿಕ್ಕಿದ್ದು ಇಲ್ಲೇ. ತಂದೆತಾಯಿಯ ಹೆಸರು ಷಷ್ಠೀ ವಿಭಕ್ತಿಯಲ್ಲಿ ಬರುತ್ತದೆ. ಬಿಡಿಸಿದರೆ ಪ್ಯಾಟ್ರಿಕ್, ಬ್ರಿಜೆಟ್ ಇವರ ಮಗ (ಫಿಲಿಯಸ್). ಜಾಕೋಬಸ್ ಎಂದರೆ ಜೇಮ್ಸ್, ಆದರೆ ಸೂಚಿ ಮಾಡಿದವರು ‘ಜೇಕಬ್’ ಎಂದು ಹಾಕಿಬಿಟ್ಟಿದ್ದರು. ಹುಡುಕುವಾಗ ಎರಡೂ ಹೆಸರು ಕೊಡಿ. ರೈಲಿ, ರೀಲಿ, ಓ’ರೈಲಿ ಮೂರನ್ನೂ ಕೊಡಿ. ಕೆಲವು ಪಾದ್ರಿಗಳು ಹುಟ್ಟೂರನ್ನೂ ಬರೆಯುತ್ತಿದ್ದರು, ಈ ಪುಟದಲ್ಲಿ ಬರೆದಿಲ್ಲ.

ಈಗ ಮಕ್ಕಳ ಜ್ಞಾನಸ್ನಾನದ ಪುಟಗಳಿಂದ ಜ್ಞಾನಪೋಷಕರ, ಅಂದರೆ ಆ ವಿಧಿಯಲ್ಲಿ ಮಗುವಿನ ಪರವಾಗಿ ನಿಲ್ಲುವವರ, ಹೆಸರು ಎತ್ತಿಕೊಳ್ಳುವುದು ನಡೆದಿದೆ. ವಲಸಿಗರು ಹಲವು ಸಲ ತಮ್ಮ ಊರಿನವರನ್ನೇ ನಿಲ್ಲಿಸುತ್ತಿದ್ದರು. ಅವರಲ್ಲಿ ಒಬ್ಬರ ಹುಟ್ಟೂರು ಸಿಕ್ಕರೂ ನಮ್ಮ ದಾರಿ ತೆರೆಯುತ್ತದೆ.

ದುಡ್ಡು ಹಾಕಬಾರದ ಎರಡು ಕಡೆ: ಜೇಮ್ಸ್‌ನ ಐರಿಷ್ ಜನನ ಪ್ರಮಾಣಪತ್ರ ಇರಲು ಸಾಧ್ಯವಿಲ್ಲ, ಅಲ್ಲಿ ಎಲ್ಲರ ನೋಂದಣಿ ಶುರುವಾದದ್ದೇ 1864ರಲ್ಲಿ. ಇಂಗ್ಲೆಂಡಿನ ಮರಣ ಪ್ರಮಾಣಪತ್ರಕ್ಕೆ ಹುಟ್ಟಿದ ಸ್ಥಳ ಸೇರಿದ್ದು 1969ರಲ್ಲಿ. 1821–51ರ ಐರಿಷ್ ಗಣತಿಯ ಬಹುಪಾಲು 1922ರಲ್ಲಿ ಡಬ್ಲಿನ್‌ನ ಫೋರ್ ಕೋರ್ಟ್ಸ್ ಎಂಬ ನ್ಯಾಯಾಲಯ ಸಂಕೀರ್ಣದ ಬೆಂಕಿಯಲ್ಲಿ ಹೋಯಿತು. ಕೆಲವು ತುಣುಕುಗಳು ಮಾತ್ರ ಉಳಿದಿವೆ, ಕ್ಯಾವನ್‌ನ ಕೆಲವು ಪ್ಯಾರಿಷ್‌ಗಳ 1821ರ ಗಣತಿಯೂ ಅವುಗಳಲ್ಲಿದೆ.

ಮುಂದೆ: ಪ್ಯಾರಿಷ್ (ಒಂದು ಚರ್ಚಿನ ವ್ಯಾಪ್ತಿಯ ಪ್ರದೇಶ) ಖಚಿತವಾದ ಮೇಲೆ ಐರ್ಲೆಂಡಿನ ರಾಷ್ಟ್ರೀಯ ಗ್ರಂಥಾಲಯ 2015ರಿಂದ ಉಚಿತವಾಗಿ ಇಟ್ಟಿರುವ ಕ್ಯಾಥೊಲಿಕ್ ಪುಸ್ತಕಗಳಲ್ಲಿ ಪ್ಯಾಟ್ರಿಕ್–ಬ್ರಿಜೆಟ್ ಜೋಡಿಯನ್ನು ಹುಡುಕುವುದು. ಕ್ಯಾಥೊಲಿಕ್ ಪ್ಯಾರಿಷ್ ಮತ್ತು ಸರ್ಕಾರಿ ಪ್ಯಾರಿಷ್‌ನ ಗಡಿ ಬೇರೆ ಬೇರೆ, ಹೆಸರೂ ಬೇರೆಯಿರಬಹುದು, ನಕ್ಷೆ ಪಕ್ಕದಲ್ಲಿರಲಿ. 1823–37ರ ದಶಾಂಶ ತೆರಿಗೆ (ಸಾಗುವಳಿ ಭೂಮಿಯ ಮೇಲೆ ಚರ್ಚಿಗೆ ಕೊಡಬೇಕಿದ್ದ ತೆರಿಗೆ) ಪುಸ್ತಕದಲ್ಲಿ ಪ್ಯಾಟ್ರಿಕ್‌ನ ಹೆಸರಿಲ್ಲದಿದ್ದರೆ ಅವನು ಆ ಊರಿನವನಲ್ಲ ಎಂದು ತೀರ್ಮಾನಿಸಬೇಡಿ. ಭೂಮಿಯಿಲ್ಲದ ಕೂಲಿ ಆ ಪಟ್ಟಿಗೆ ಬರುತ್ತಲೇ ಇರಲಿಲ್ಲ.