ಮಂಗಳನ ಪಕ್ಕದಲ್ಲಿ ಹಾದುಹೋದ ಧೂಮಕೇತು

2014ರ ಅಕ್ಟೋಬರ್ 19ರಂದು ಸೈಡಿಂಗ್ ಸ್ಪ್ರಿಂಗ್ ಧೂಮಕೇತು ಮಂಗಳ ಗ್ರಹದಿಂದ ಸುಮಾರು 1,40,000 ಕಿಲೋಮೀಟರ್ ಅಂತರದಲ್ಲಿ, ಅಂದರೆ ಭೂಮಿಗೂ ಚಂದ್ರನಿಗೂ ನಡುವಿನ ದೂರದ ಮೂರನೇ ಒಂದು ಭಾಗಕ್ಕಿಂತ ತುಸು ಹೆಚ್ಚು ದೂರದಲ್ಲಿ ಹಾದುಹೋಯಿತು. ಧೂಮಕೇತುವೊಂದನ್ನು ಅಷ್ಟು ಹತ್ತಿರದಿಂದ ನೋಡುವ ಅವಕಾಶ ಯಾರೂ ಯೋಜಿಸದೆಯೇ ಒದಗಿಬಂತು ಎಂಬುದು ನನಗೆ ಇಂದಿಗೂ ಅಚ್ಚರಿ ಹುಟ್ಟಿಸುತ್ತದೆ.

ಹ್ಯಾಲಿ ಧೂಮಕೇತುವಿನತ್ತ ನೌಕೆಗಳನ್ನು ಕಳುಹಿಸಲು ಸಾಧ್ಯವಾದದ್ದು ಅದು ಮರಳಿ ಬರುವ ಕಾಲ ಮೊದಲೇ ತಿಳಿದಿದ್ದರಿಂದ. ಸೌರವ್ಯೂಹದ ಅಂಚಿನ ಊರ್ಟ್ ಮೋಡದಿಂದ, ಅಂದರೆ ಹಿಮಕಾಯಗಳ ದೂರದ ಸಮೂಹದಿಂದ, ಮೊದಲ ಬಾರಿಗೆ ಒಳಬರುವ ಧೂಮಕೇತುಗಳ ವಿಷಯ ಹಾಗಲ್ಲ. ಅವು ಕಣ್ಣಿಗೆ ಬೀಳುವ ಹೊತ್ತಿಗೆ ಹೊಸ ನೌಕೆಯೊಂದನ್ನು ಕಟ್ಟಿ ಕಳುಹಿಸುವಷ್ಟು ಸಮಯ ಸಾಮಾನ್ಯವಾಗಿ ಉಳಿದಿರುವುದಿಲ್ಲ. 2013ರ ಜನವರಿ 3ರಂದು ಖಗೋಳಜ್ಞ ರಾಬರ್ಟ್ ಮೆಕ್‌ನಾಟ್ ಆಸ್ಟ್ರೇಲಿಯಾದ ಸೈಡಿಂಗ್ ಸ್ಪ್ರಿಂಗ್ ವೀಕ್ಷಣಾಲಯದಿಂದ ಪತ್ತೆಹಚ್ಚಿದ ಇದೂ ಅಂಥದ್ದೇ. ಆದರೆ ಇದರ ದಾರಿಯಲ್ಲಿ ಮಂಗಳನಿತ್ತು, ಮಂಗಳನ ಸುತ್ತ ನೌಕೆಗಳಿದ್ದವು. ನಾಸಾದ ಮೇವೆನ್ ಮತ್ತು ನಮ್ಮ ಮಂಗಳಯಾನ ಅಲ್ಲಿಗೆ ತಲುಪಿ ಒಂದು ತಿಂಗಳೂ ಆಗಿರಲಿಲ್ಲ.

ಅಪಾಯವೂ ಸಣ್ಣದಾಗಿರಲಿಲ್ಲ. ಮೊದಮೊದಲ ಲೆಕ್ಕಾಚಾರಗಳು ಧೂಮಕೇತು ಮಂಗಳನಿಗೇ ಅಪ್ಪಳಿಸುವ ಸಾಧ್ಯತೆಯನ್ನೂ ತಳ್ಳಿಹಾಕಿರಲಿಲ್ಲ. ಆ ಭಯ ದೂರವಾದ ಮೇಲೂ ಧೂಳಿನ ಚಿಂತೆ ಉಳಿಯಿತು. ಸೆಕೆಂಡಿಗೆ 56 ಕಿಲೋಮೀಟರ್ ವೇಗದಲ್ಲಿ ಬಡಿದರೆ ಒಂದು ಮಿಲಿಮೀಟರಿಗಿಂತ ಸಣ್ಣ ಕಣವೂ ನೌಕೆಗೆ ಹಾನಿ ಮಾಡಬಲ್ಲದು. ಆದ್ದರಿಂದ ಧೂಳು ದಟ್ಟವಾಗಬಹುದಾದ ಹೊತ್ತಿನಲ್ಲಿ ನೌಕೆಗಳು ಗ್ರಹದ ಮರೆಯಲ್ಲಿರುವಂತೆ ಅವುಗಳ ಕಕ್ಷೆಗಳನ್ನು ಮುಂಚಿತವಾಗಿಯೇ ಹೊಂದಿಸಲಾಯಿತು. ಅಡಗಿಕೊಳ್ಳಬೇಕು, ಆದರೆ ನೋಡುವುದನ್ನೂ ಬಿಡಬಾರದು ಎಂಬ ಈ ಇಕ್ಕಟ್ಟನ್ನು ಅಷ್ಟು ಅಚ್ಚುಕಟ್ಟಾಗಿ ನಿಭಾಯಿಸಿದವರ ಬಗ್ಗೆ ನನಗೆ ಅಪಾರ ಗೌರವವಿದೆ.

ನೌಕೆಗಳೆಲ್ಲ ಸುರಕ್ಷಿತವಾಗಿ ಉಳಿದವು. ನಾಸಾದ ಮಂಗಳ ವಿಚಕ್ಷಣ ನೌಕೆಯ (ಎಂಆರ್‌ಒ) ಹೈರೈಸ್ ಕ್ಯಾಮೆರಾ ಧೂಮಕೇತುವಿನ ನ್ಯೂಕ್ಲಿಯಸ್ಸನ್ನೇ, ಅಂದರೆ ಅದರ ಗಟ್ಟಿ ತಿರುಳನ್ನೇ, ಸೆರೆಹಿಡಿಯಿತು. ಒಂದೊಂದು ಪಿಕ್ಸೆಲ್ ಸುಮಾರು 138 ಮೀಟರ್ ಅಗಲವನ್ನು ತೋರಿಸುವ ಆ ಚಿತ್ರದಲ್ಲಿ ನ್ಯೂಕ್ಲಿಯಸ್ ಆವರಿಸಿದ್ದು ಎರಡು–ಮೂರು ಪಿಕ್ಸೆಲ್‌ಗಳನ್ನು ಮಾತ್ರ. ಅದು ನಿರೀಕ್ಷಿಸಿದ್ದಕ್ಕಿಂತ ಬಹಳ ಚಿಕ್ಕದು ಎಂಬುದು ಆಗಲೇ ತಿಳಿದದ್ದು. ನೋಡಲು ಮಸುಕು ಚುಕ್ಕೆಯಂತಿದ್ದರೂ ಊರ್ಟ್ ಮೋಡದ ಧೂಮಕೇತುವೊಂದರ ನ್ಯೂಕ್ಲಿಯಸ್ಸನ್ನು ಅಷ್ಟು ಹತ್ತಿರದಿಂದ ಅದಕ್ಕೆ ಮುಂಚೆ ಯಾರೂ ಚಿತ್ರಿಸಿರಲಿಲ್ಲ. ಇತ್ತ ಮೇವೆನ್ ನೌಕೆ ಮಂಗಳನ ಮೇಲಿನ ವಾಯುಮಂಡಲದಲ್ಲಿ ಸೋಡಿಯಂ, ಮೆಗ್ನೀಸಿಯಂ, ಕಬ್ಬಿಣದಂತಹ ಲೋಹಗಳ ಅಯಾನುಗಳನ್ನು (ವಿದ್ಯುದಾವೇಶವುಳ್ಳ ಪರಮಾಣುಗಳನ್ನು) ಗುರುತಿಸಿತು. ಧೂಮಕೇತುವಿನ ಧೂಳು ಉಲ್ಕೆಗಳಾಗಿ ಉರಿದು ಆವಿಯಾದಾಗ ಹೊರಬಿದ್ದ ಲೋಹಗಳವು. ದೂರದ ಧೂಮಕೇತುವಿನ ದ್ರವ್ಯದಲ್ಲಿ ಏನಿದೆ ಎಂಬುದು ಹೀಗೆ ಗ್ರಹದ ಗಾಳಿಯಲ್ಲೇ ಓದಲು ಸಿಕ್ಕಿತು.

ಇನ್ನು ಮುಂದೆ ಇದನ್ನು ಅದೃಷ್ಟಕ್ಕೆ ಬಿಡಬೇಕಿಲ್ಲ. ಯುರೋಪಿನ ಬಾಹ್ಯಾಕಾಶ ಸಂಸ್ಥೆ ಜಪಾನಿನೊಂದಿಗೆ ರೂಪಿಸುತ್ತಿರುವ ಕಾಮೆಟ್ ಇಂಟರ್‌ಸೆಪ್ಟರ್ ನೌಕೆ ಗುರಿ ಗೊತ್ತಾಗುವ ಮೊದಲೇ ಬಾಹ್ಯಾಕಾಶಕ್ಕೆ ಹೋಗಿ, ಇಂತಹದೇ ಒಂದು ಹೊಸ ಧೂಮಕೇತುವಿಗಾಗಿ ಕಾದಿದ್ದು, ಅದು ಕಂಡೊಡನೆ ಅದರತ್ತ ಹೊರಡಲಿದೆ.