ಲೋಳೆಗಟ್ಟಿದ ಶುಂಠಿ ಬಿಯರ್

ತೀರ್ಥಹಳ್ಳಿಯ ಕಡೆ ಜೂನ್ ತಿಂಗಳ ಮಳೆ ಹಿಡಿದುಕೊಂಡಿತೆಂದರೆ ಚರ್ಮದ ಬೆಲ್ಟು, ಪುಸ್ತಕದ ರಟ್ಟು, ಹಪ್ಪಳದ ಡಬ್ಬಿ ಯಾವುದೂ ಬೂಸಲಿನಿಂದ ತಪ್ಪಿಸಿಕೊಳ್ಳುವುದಿಲ್ಲ. ಹಾಗಾಗಿ ಮಳೆಗಾಲದಲ್ಲಿ, ಬೆಲ್ಲದ ನೀರಿಗೆ ಶುಂಠಿಯ ಹೆಪ್ಪು ಹಾಕಿ ಹುದುಗಿಸುವ ಮನೆಯ ಶುಂಠಿ ಬಿಯರ್ ಕೆಟ್ಟರೆ ಎಲ್ಲರ ಅನುಮಾನ ಮೊದಲು ಹೋಗುವುದು ಬೂಸಲಿನ ಮೇಲೆಯೇ. ಈ ಸಲ ನಮ್ಮ ಜಾಡಿಯಲ್ಲಿ ಕಂಡದ್ದು ಬೇರೆ. ಮೇಲ್ಭಾಗ ಸ್ವಚ್ಛವಾಗಿತ್ತು, ಶುಂಠಿಯ ಘಾಟು ಹಾಗೆಯೇ ಇತ್ತು. ಆದರೆ ಚಮಚ ಅದ್ದಿ ಎತ್ತಿದಾಗ ಅದು ತೊಟ್ಟಿಕ್ಕದೆ, ಹೆಚ್ಚಿದ ಬೆಂಡೆಕಾಯಿಯ ಲೋಳೆಯಂತೆ ನೂಲು ನೂಲಾಗಿ ಇಳಿಯಿತು. ದೊಡ್ಡಮ್ಮ ಇಣುಕಿ ನೋಡಿ, “ಚೆಲ್ಲಿಬಿಡು ಮಾರಾಯ, ಇನ್ನೇನು ನೋಡ್ತೀಯ” ಎಂದರು. ಚೆಲ್ಲುವುದು ಸರಿಯೇ. ಆದರೆ ಯಾವುದರಿಂದ ಕೆಟ್ಟಿತೆಂದು ತಿಳಿಯದೆ ಚೆಲ್ಲಿದರೆ ಅದೇ ಜಾಡಿಯಲ್ಲಿ ಮುಂದಿನದೂ ಕೆಡುತ್ತದೆ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಶುಂಠಿ ಬಿಯರ್‌ಗೆ ಹಾಕುವ ಹೆಪ್ಪನ್ನು ಸಿಪ್ಪೆ ಸಮೇತ ತುರಿದ ಹಸಿ ಶುಂಠಿ, ಸಕ್ಕರೆ ಮತ್ತು ನೀರಿನಿಂದ ಮಾಡುತ್ತೇವೆ. ಸಿಪ್ಪೆಯ ಮೇಲೆ ಯೀಸ್ಟ್ ಇರುವಂತೆಯೇ ಹಲವು ಬ್ಯಾಕ್ಟೀರಿಯಾಗಳೂ ಇರುತ್ತವೆ, ಮತ್ತು ಅವುಗಳಲ್ಲಿ ಲ್ಯೂಕೋನೋಸ್ಟಾಕ್ ಎಂಬ ಗುಂಪಿನವು ಸಕ್ಕರೆಯನ್ನು ಡೆಕ್ಸ್‌ಟ್ರಾನ್ ಎಂಬ ಅಂಟು ಪದಾರ್ಥವಾಗಿ ಹೆಣೆಯುತ್ತವೆ. ನಾನು ಕಂಡ ನೂಲು ಬಹುಮಟ್ಟಿಗೆ ಅದೇ. ಕಡಿದ ಕಬ್ಬು ಅರೆಯುವ ಮೊದಲು ಬಹಳ ಹೊತ್ತು ಬಿದ್ದಿದ್ದರೆ ಸಕ್ಕರೆ ಕಾರ್ಖಾನೆಗಳಲ್ಲಿ ರಸ ಲೋಳೆಯಾಗುವುದೂ ಇದರಿಂದಲೇ. ನಮ್ಮ ಇಡ್ಲಿ ಹಿಟ್ಟು ರಾತ್ರಿ ಕಳೆಯುವಷ್ಟರಲ್ಲಿ ಉಬ್ಬಿ ನಿಲ್ಲುವುದಕ್ಕೆ ಮುಖ್ಯ ಕಾರಣವೂ ಇದೇ ಲ್ಯೂಕೋನೋಸ್ಟಾಕ್ ಎಂದು ಹೇಳಿದಾಗ ದೊಡ್ಡಮ್ಮ ನಂಬಲಿಲ್ಲ. ಇದು ಸಾಮಾನ್ಯವಾಗಿ ವಿಷಕಾರಿಯಲ್ಲ, ಹುಳಿ ಏರಿದಂತೆ ತಾನಾಗಿ ಕುಗ್ಗುತ್ತದೆ. ಯೀಸ್ಟ್ ಚುರುಕಾಗಿಲ್ಲದಿದ್ದರೆ, ಹುಳಿ ಬೇಗ ಏರದಿದ್ದರೆ ಮಾತ್ರ ಅದಕ್ಕೆ ಬೇಕಾದಷ್ಟು ಕಾಲಾವಕಾಶ ಸಿಗುತ್ತದೆ. ಮಲೆನಾಡಿನ ಮಳೆಗಾಲದ ತಂಪು ಯೀಸ್ಟನ್ನು ನಿಧಾನಗೊಳಿಸುತ್ತದೆಯೇ ಹೊರತು, 20 ಡಿಗ್ರಿ ಆಸುಪಾಸಿನ ತಂಪು ಲ್ಯೂಕೋನೋಸ್ಟಾಕ್‌ಗೆ ಅಡ್ಡಿಯೇ ಅಲ್ಲ.

ಬಾರ್ಲಿಯ ಬಿಯರ್‌ನಲ್ಲಿ ಹಾಪ್ಸ್ ಹೂವಿನ ಕಹಿಯು ಇಂತಹ ಬ್ಯಾಕ್ಟೀರಿಯಾಗಳನ್ನು ಬಹಳಷ್ಟು ತಡೆಯುತ್ತದೆ. ಅಲ್ಲಿಯೂ ಕಾಟ ತಪ್ಪಿದ್ದಲ್ಲ: ಕೋಪನ್‌ಹೇಗನ್‌ನ ಕಾರ್ಲ್ಸ್‌ಬರ್ಗ್ ಪ್ರಯೋಗಾಲಯದಲ್ಲಿ ಎಮಿಲ್ ಹ್ಯಾನ್ಸೆನ್ ಅವರು ಬಿಯರ್ ಕೆಡಿಸುತ್ತಿದ್ದ ಕಾಡು ಯೀಸ್ಟನ್ನು ಗುರುತಿಸಿ, 1883ರಲ್ಲಿ ಒಂದೇ ಕೋಶದಿಂದ ಬೆಳೆಸಿದ ಶುದ್ಧ ಯೀಸ್ಟನ್ನು ಬಳಕೆಗೆ ತಂದರು. ನಮ್ಮ ಶುಂಠಿಯ ಹೆಪ್ಪಿನಲ್ಲಿ ಆ ಶುದ್ಧತೆಯೂ ಇಲ್ಲ, ಹಾಪ್ಸೂ ಇಲ್ಲ. ಆದ್ದರಿಂದ ಬೆಲ್ಲದ ನೀರು ತಣಿದ ಕೂಡಲೇ ನಿಂಬೆರಸ ಹಿಂಡಿ ಹುಳಿ ಮಾಡಿಕೊಳ್ಳುವುದು, ಧಾರಾಳವಾಗಿ ನೊರೆಯೇಳುತ್ತಿರುವ ಹೆಪ್ಪನ್ನಷ್ಟೇ ಹಾಕುವುದು ರುಚಿಗಿಂತ ಹೆಚ್ಚಾಗಿ ರಕ್ಷಣೆಯ ಕೆಲಸ.

ಕೆಟ್ಟಿತು ಎನ್ನುವ ಎಲ್ಲವೂ ಒಂದೇ ಬಗೆಯದಲ್ಲ. ಸುಕ್ಕುಸುಕ್ಕಾದ ತೆಳು ಬಿಳಿ ಪೊರೆ ಬಂದಿದ್ದರೆ ಅದು ಬಹುತೇಕ ಕಾಡು ಯೀಸ್ಟ್. ರುಚಿ ಕೆಡಿಸುತ್ತದೆ, ಅಷ್ಟೆ. ರೋಮದಂತೆ ಎದ್ದ ಹಸಿರು ಅಥವಾ ಕಪ್ಪು ಬೂಸಲು ಕಂಡರೆ ಮಾತ್ರ ನಾಲಿಗೆಗೂ ತಾಗಿಸಬಾರದು, ಮೇಲಿನದನ್ನು ತೆಗೆದು ಉಳಿದದ್ದನ್ನು ಬಳಸುತ್ತೇನೆ ಎನ್ನಲೂಬಾರದು, ಏಕೆಂದರೆ ಬೂಸಲಿನ ವಿಷ ದ್ರವದಲ್ಲಿ ಕೆಳಗಿನವರೆಗೂ ಹರಡಿರಬಹುದು. ಮೂಗಿಗೆ ಹೊಡೆಯುವ ಹುಳಿ ಬಂದಿದ್ದರೆ ಗಾಳಿ ಸೇರಿ ವಿನೆಗರ್ ಆಗುತ್ತಿದೆಯೆಂದು ಅರ್ಥ. ಬಾಟಲಿಯಲ್ಲಿದ್ದು ಮುಚ್ಚಳ ಉಬ್ಬಿದ್ದರೆ ಅದು ಎಲ್ಲಕ್ಕಿಂತ ಅಪಾಯ: ಗಾಜು ಸಿಡಿಯಬಹುದು. ಅಂಥದ್ದನ್ನು ದಪ್ಪ ಬಟ್ಟೆ ಸುತ್ತಿ, ಮುಖ ದೂರವಿಟ್ಟು ಫ್ರಿಜ್ಜಿಗೆ ಸಾಗಿಸಿ, ಚೆನ್ನಾಗಿ ತಣ್ಣಗಾದ ಮೇಲೆ ಬಟ್ಟೆ ತೆಗೆಯದೆ ನಿಧಾನವಾಗಿ ಗಾಳಿ ಬಿಡಬೇಕು.

ಲೋಳೆಯಾದದ್ದನ್ನು ಗೊಬ್ಬರಗುಂಡಿಗೆ ಸುರಿದೆ. ನಿಜವಾದ ಕೆಲಸ ಆಮೇಲಿನದು. ಲೋಳೆ ಪಾತ್ರೆಯ ಗೋಡೆಗೆ ಪದರವಾಗಿ ಅಂಟಿಕೊಂಡಿರುತ್ತದೆ, ಅದರಡಿಯ ಬ್ಯಾಕ್ಟೀರಿಯಾಗಳನ್ನು ಸುಮ್ಮನೆ ಬಿಸಿನೀರು ಸುರಿದು ತೊಳೆದರೆ ಕೊಲ್ಲಲಾಗುವುದಿಲ್ಲ. ಮೊದಲು ವಾಷಿಂಗ್ ಸೋಡಾ ಹಾಕಿದ ಬಿಸಿನೀರಿನಲ್ಲಿ ನೆನೆಸಿ, ಜಾಡಿಯ ಕುತ್ತಿಗೆಯನ್ನೂ ಮುಚ್ಚಳದ ರಬ್ಬರ್ ಉಂಗುರದ ಅಡಿಭಾಗವನ್ನೂ ಬ್ರಷ್ಷಿನಿಂದ ಉಜ್ಜಿ ಪದರ ಕಿತ್ತುಬರುವಂತೆ ಮಾಡಬೇಕು. ಆಮೇಲೆ ತಣ್ಣೀರಿನಲ್ಲಿ ಮುಳುಗಿಸಿಟ್ಟು ನಿಧಾನವಾಗಿ ಕಾಯಿಸಿ ಕುದಿಸಬೇಕು. ಬ್ಲೀಚ್ ಬಳಸುವವರು ಅದನ್ನು ವಿನೆಗರ್ ಜೊತೆ ಎಂದಿಗೂ ಬೆರೆಸಬಾರದು, ಕ್ಲೋರಿನ್ ಅನಿಲ ಏಳುತ್ತದೆ. ಗೀರುಬಿದ್ದ ಪ್ಲಾಸ್ಟಿಕ್ ಪೈಪನ್ನು, ಮರದ ಸೌಟನ್ನು ಉಳಿಸಿಕೊಳ್ಳುವ ಆಸೆ ಬೇಡ. ಎಷ್ಟು ತೊಳೆದರೂ ಗೀರಿನ ಒಳಗಿನದು ಹೋಗುವುದಿಲ್ಲ. ಹಳೆಯ ಹೆಪ್ಪನ್ನೂ ಪೂರ್ತಿ ಚೆಲ್ಲಬೇಕು, ಏಕೆಂದರೆ ಲೋಳೆಯ ಮೂಲ ಅದರಲ್ಲಿಯೇ ಇರಬಹುದು. ಬೇರೆ ಕಡೆಯಿಂದ ತಂದ ಶುಂಠಿಯಲ್ಲಿ ಹೊಸ ಹೆಪ್ಪು ಹೂಡಿ, ಅದನ್ನು ಸಣ್ಣ ಲೋಟದಷ್ಟು ಬೆಲ್ಲದ ನೀರಿಗೆ ಹಾಕಿ ಎರಡು ದಿನ ಬಿಟ್ಟು, ಚಮಚದಿಂದ ನೀರಿನಂತೆಯೇ ತೊಟ್ಟಿಕ್ಕುತ್ತದೆ ಎಂದು ಖಾತ್ರಿಯಾದ ಮೇಲೆ ದೊಡ್ಡ ಜಾಡಿಗೆ ಕೈಹಾಕುವುದು ಒಳ್ಳೆಯದು.